ರೆನ್ಯೊನ ‘ಸ್ವಾತಂತ್ರ್ಯ ಇಲ್ಲವೇ ಸಾವು’: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪುಟ್ಟ ತೈಲಚಿತ್ರವನ್ನು ಪರದೆಯ ಮೇಲೆ ತೋರಿಸಿದ ಕೂಡಲೇ ಸಭೆಯಲ್ಲಿ ಸಣ್ಣ ಗುಸುಗುಸು ಏಳುತ್ತದೆ. ರೆಕ್ಕೆಯ ಹುಡುಗ, ಟೋಪಿ ಎತ್ತಿ ಹಿಡಿದ ಹೆಂಗಸು, ಕರಿಬಟ್ಟೆ ಹೊದ್ದ ಅಸ್ಥಿಪಂಜರ: ಕೇಳಲು ಎಲ್ಲರಿಗೂ ಏನಾದರೊಂದು ಸಿಗುತ್ತದೆ. ಮಾತುಕತೆಗಳಲ್ಲಿ ಎದುರಾದ, ಪತ್ರಗಳಲ್ಲಿ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದವು ಮೊದಲು, ತಲೆ ಕೆರೆಯುವಂಥವು ಕೊನೆಗೆ.

## ಮೊದಲ ನೋಟಕ್ಕೆ

ಇದು ಯಾರು ಬರೆದ ಚಿತ್ರ? ಯಾವ ಕಾಲದ್ದು?

ಪ್ಯಾರಿಸ್ಸಿನ ಝಾನ್-ಬಾತಿಸ್ತ್ ರೆನ್ಯೊ (1754–1829) ಬರೆದದ್ದು. ಫ್ರೆಂಚಿನಲ್ಲಿ ಹೆಸರು ‘ಲಾ ಲಿಬೆರ್ತೆ ಊ ಲಾ ಮೋರ್’. ಕಾಲ 1794–95, ಅಂದರೆ ಫ್ರೆಂಚ್ ಕ್ರಾಂತಿಯ ಅತ್ಯಂತ ರಕ್ತಸಿಕ್ತ ತಿಂಗಳುಗಳು ಮತ್ತು ಅವುಗಳ ಬೆನ್ನಿಗೇ ಬಂದ ತಲೆಭಾರದ ದಿನಗಳು. ರೆನ್ಯೊ ಹುಡುಗನಾಗಿದ್ದಾಗ ವ್ಯಾಪಾರಿ ಹಡಗು ಹತ್ತಿ ಕೆಲವು ವರ್ಷ ಸಮುದ್ರದ ಮೇಲೆ ಕಳೆದವನು. ಆಮೇಲೆ ರೋಮಿನಲ್ಲಿ ಕಲಿತು, 1776ರಲ್ಲಿ ಯುವ ಕಲಾವಿದರಿಗೆ ಕೊಡುತ್ತಿದ್ದ ‘ರೋಮ್ ಬಹುಮಾನ’ ಗೆದ್ದು, 1783ರಲ್ಲಿ ರಾಜನ ಆಶ್ರಯದ ಕಲಾ ಅಕಾಡೆಮಿಯ ಸದಸ್ಯನಾದ. ರಾಜಾಶ್ರಯದಲ್ಲಿ ಮೇಲೆ ಬಂದವನೇ ರಾಜನಿಲ್ಲದ ದೇಶದ ಚಿತ್ರ ಬರೆಯಬೇಕಾಗಿ ಬಂತು.

ಮೂಲ ಚಿತ್ರ ಎಲ್ಲಿದೆ? ಲೂವ್ರ್‌ನಲ್ಲಿ ಹುಡುಕಿದೆ, ಸಿಗಲಿಲ್ಲ.

ಸಿಗುವುದಿಲ್ಲ. ಇದು ಜರ್ಮನಿಯ ಹ್ಯಾಂಬರ್ಗ್ ಕುನ್‌ಸ್ಟ್‌ಹಾಲೆ ಸಂಗ್ರಹಾಲಯದಲ್ಲಿದೆ. ಅಳತೆ ಸುಮಾರು 60 × 49 ಸೆಂಟಿಮೀಟರ್, ನಮ್ಮ ಅಡುಗೆಮನೆಯ ಗೋಡೆಗೆ ನೇತುಹಾಕುವ ಕ್ಯಾಲೆಂಡರಿನಷ್ಟು. ಪುಸ್ತಕದಲ್ಲಿ ನೋಡಿದವರು ಇದನ್ನು ಗೋಡೆ ತುಂಬುವ ಚಿತ್ರವೆಂದು ಎಣಿಸುತ್ತಾರೆ, ಅದು ಅವರ ತಪ್ಪಲ್ಲ. 1795ರ ಸಲೋನ್, ಅಂದರೆ ಪ್ಯಾರಿಸ್ಸಿನ ಅಧಿಕೃತ ಕಲಾ ಪ್ರದರ್ಶನದಲ್ಲಿ ಜನ ನೋಡಿದ್ದು ಇದೇ ರಚನೆಯ ದೊಡ್ಡ ಚಿತ್ರ. ಅದು ಕಳೆದುಹೋಗಿದೆ. ಉಳಿದಿರುವುದು ಈ ಚಿಕ್ಕದು.

ಮೂವರೂ ಯಾರು? ನನಗೆ ದೇವದೂತ, ದೇವಿ ಮತ್ತು ದೆವ್ವ ಕಂಡವು.

ನಡುವೆ ಭೂಗೋಲದ ಮೇಲೆ ತೇಲುತ್ತಿರುವ ಯುವಕ ಫ್ರಾನ್ಸಿನ ‘ಜೀನಿಯಸ್’. ಇಂದು ಆ ಪದ ಕೇಳಿದರೆ ಪರೀಕ್ಷೆಯಲ್ಲಿ ಮೊದಲ ರ್‍ಯಾಂಕ್ ಬಂದ ಮಗುವಿನ ನೆನಪಾಗುತ್ತದೆ. ರೋಮನ್ನರಿಗೆ ಅದು ಒಬ್ಬ ಮನುಷ್ಯನನ್ನೋ ಸ್ಥಳವನ್ನೋ ಕಾಯುವ ಶಕ್ತಿ. ನಮ್ಮ ಮಾತಿನಲ್ಲಿ ಅಧಿದೇವತೆ ಎಂದರೆ ಸಮೀಪವಾಗುತ್ತದೆ. ಆದ್ದರಿಂದ ರೆಕ್ಕೆಯಿದ್ದರೂ ಅವನು ಕ್ರೈಸ್ತರ ದೇವದೂತನಲ್ಲ. ರೆಕ್ಕೆಗಳನ್ನು ಗಮನಿಸಿ: ನೀಲಿ, ಬಿಳಿ, ಕೆಂಪು.

ಅವನ ಒಂದು ಪಕ್ಕದಲ್ಲಿ ಕುಳಿತವಳು ಸ್ವಾತಂತ್ರ್ಯ, ಅವಳೇ ಗಣರಾಜ್ಯವೂ ಹೌದು. ಇನ್ನೊಂದು ಪಕ್ಕದಲ್ಲಿ ಉದ್ದ ಹಿಡಿಯ ಕುಡುಗೋಲಿನೊಂದಿಗೆ ಇರುವುದು ಸಾವು. ಅದು ದೆವ್ವವಲ್ಲ, ಖಳನೂ ಅಲ್ಲ. ಈ ಚಿತ್ರದಲ್ಲಿ ಖಳನೇ ಇಲ್ಲ, ಮತ್ತು ನನ್ನನ್ನು ಕಾಡುವುದು ಅದೇ.

ನಡುವಿನವನು ಬೆತ್ತಲೆ ಏಕೆ?

ಪ್ರಾಚೀನ ಶಿಲ್ಪದಲ್ಲಿ ದೇವತೆಗಳು ಹಾಗೇ ಇದ್ದರು. ಆ ಕಾಲದ ಅಕಾಡೆಮಿಯಲ್ಲಿ ಬೆತ್ತಲೆ ಮೈ ಬಿಡಿಸಬಲ್ಲವನೇ ಕಲಾವಿದ. ಜೊತೆಗೆ, ಬಟ್ಟೆ ತೊಡಿಸಿದರೆ ಯಾವ ವರ್ಗದ ಬಟ್ಟೆ ಎಂಬ ಪ್ರಶ್ನೆ ಏಳುತ್ತಿತ್ತು. ತೊಟ್ಟ ಷರಾಯಿ ನೋಡಿ ರಾಜಕೀಯ ಅಳೆಯುತ್ತಿದ್ದ ಊರು ಅದು.

## ಕೈಯಲ್ಲಿರುವ ವಸ್ತುಗಳು

ಆಕೆ ಹಿಡಿದಿರುವುದು ಗಾರೆ ಕೆಲಸದವರ ಮೂಲೆಮಟ್ಟವೇ?

ಒಬ್ಬ ಮನೆ ಕಟ್ಟುವ ಮೇಸ್ತ್ರಿ ಕೇಳಿದ ಪ್ರಶ್ನೆ ಇದು. ಕಲಾ ವಿದ್ಯಾರ್ಥಿಗಳಲ್ಲಿ ಒಬ್ಬರೂ ಕೇಳಿರಲಿಲ್ಲ. ಅವರ ಊಹೆ ಬಹುಮಟ್ಟಿಗೆ ಸರಿ. ಅದು ಗೋಡೆ, ನೆಲ ಮಟ್ಟಸವಾಗಿದೆಯೇ ಎಂದು ನೋಡುವ ತ್ರಿಕೋನದ ಸಲಕರಣೆ. ಮೇಲಿನ ಕೋನದಿಂದ ತೂಗುಗುಂಡು ಇಳಿಬಿಟ್ಟಿರುತ್ತದೆ, ದಾರ ನಡುಗೆರೆಗೆ ಸರಿಯಾಗಿ ನಿಂತರೆ ಮಟ್ಟ ಸರಿ. ಈಗ ಆ ಕೆಲಸವನ್ನು ರಸಮಟ್ಟ ಮಾಡುತ್ತದೆ. ಕ್ರಾಂತಿಯ ಕಾಲದಲ್ಲಿ ಅದು ಸಮಾನತೆಯ ಗುರುತಾಯಿತು: ಯಾರೂ ಮೇಲಲ್ಲ, ಯಾರೂ ಕೆಳಗಲ್ಲ. ಶ್ರೀಮಂತರ ಕತ್ತಿ, ಪಾದ್ರಿಗಳ ದಂಡ ಇದ್ದ ಜಾಗಕ್ಕೆ ಕೂಲಿಯವನ ಉಪಕರಣ ಬಂದು ಕುಳಿತದ್ದು ಸಣ್ಣ ಮಾತಲ್ಲ. ಆದರೆ ಮಟ್ಟ ಮಾಡುವುದಕ್ಕೆ ಎರಡು ದಾರಿಗಳಿವೆ, ತಗ್ಗನ್ನು ತುಂಬಬಹುದು, ದಿಬ್ಬವನ್ನು ಕಡಿಯಬಹುದು. ಆ ಎರಡು ವರ್ಷ ಪ್ಯಾರಿಸ್ ಯಾವುದನ್ನು ಹೆಚ್ಚು ಮಾಡಿತೆಂದು ಬಿಡಿಸಿ ಹೇಳಬೇಕಿಲ್ಲ.

ಆ ಟೋಪಿಯನ್ನು ತಲೆಗೆ ಹಾಕಿಕೊಳ್ಳದೆ ಎತ್ತಿ ಏಕೆ ಹಿಡಿದಿದ್ದಾಳೆ?

ತೋರಿಸುವುದಕ್ಕೆ. ರೋಮಿನಲ್ಲಿ ಬಿಡುಗಡೆಯಾದ ಗುಲಾಮನಿಗೆ ‘ಪೀಲಿಯಸ್’ ಎಂಬ ಟೋಪಿ ಸಿಗುತ್ತಿತ್ತು. ಕಾಲಾಂತರದಲ್ಲಿ ಅದು, ತುದಿ ಮುಂದಕ್ಕೆ ಬಾಗಿದ ಫ್ರಿಜಿಯಾದ ಟೋಪಿಯೊಂದಿಗೆ ಬೆರೆತುಹೋಯಿತು. ಫ್ರಿಜಿಯಾ ಎಂದರೆ ಇಂದಿನ ಟರ್ಕಿಯ ಒಂದು ಭಾಗ. 1792ರಲ್ಲಿ ಗಣರಾಜ್ಯ ತನ್ನ ಮುದ್ರೆಗೆ ಆರಿಸಿದ್ದೂ ಭರ್ಜಿಯ ತುದಿಯಲ್ಲಿ ಇದೇ ಟೋಪಿ ಹಿಡಿದ ಹೆಂಗಸನ್ನು. ರೆನ್ಯೊ ಭರ್ಜಿಯನ್ನು ಬಿಟ್ಟು ಟೋಪಿಯನ್ನು ಅವಳ ಕೈಗೇ ಕೊಟ್ಟ. ಆಯುಧ ಉಳಿದದ್ದು ಆಚೆ ಪಕ್ಕದವರ ಕೈಯಲ್ಲಿ ಮಾತ್ರ.

ಕಡ್ಡಿಗಳ ಕಟ್ಟು ಏನು? ಅದು ಫ್ಯಾಸಿಸ್ಟರ ಗುರುತಲ್ಲವೇ?

ಅವರು ಕದ್ದದ್ದು ಇದನ್ನೇ, ಸುಮಾರು ನೂರಮೂವತ್ತು ವರ್ಷಗಳ ನಂತರ. ರೋಮಿನ ಅಧಿಕಾರಿಗಳ ಮುಂದೆ ಸೇವಕರು ಹೊತ್ತು ನಡೆಯುತ್ತಿದ್ದ ಕೋಲುಗಳ ಕಟ್ಟು, ‘ಫಾಸ್ಕೆಸ್’. ಒಂಟಿ ಕಡ್ಡಿ ಮುರಿಯುತ್ತದೆ, ಕಟ್ಟು ಮುರಿಯುವುದಿಲ್ಲ ಎಂದು ನಾವೆಲ್ಲ ಪ್ರಾಥಮಿಕ ಶಾಲೆಯಲ್ಲಿ ಓದಿದ ಕಥೆಯೇ. 1794ರಲ್ಲಿ ಅದು ಒಗ್ಗಟ್ಟಿನ, ಸೋದರತೆಯ ಗುರುತು.

ಸಾವಿನ ಕೈಯಲ್ಲಿ ಎಲೆಗಳ ಕಿರೀಟ ಇದೆಯಲ್ಲ, ಅದು ತಪ್ಪಿ ಬಂದದ್ದೇ?

ಇಡೀ ಚಿತ್ರದ ಕೀಲಿ ಇರುವುದೇ ಅಲ್ಲಿ. ಗೆದ್ದವರಿಗೆ ಕೊಡುವ ಕಿರೀಟವನ್ನು ಕುಡುಗೋಲಿನ ಜೊತೆಗೆ ಹಿಡಿಸಿದಾಗ ಸಾವು ಶಿಕ್ಷೆಯಾಗಿ ಉಳಿಯುವುದಿಲ್ಲ, ಬಹುಮಾನವೂ ಆಗುತ್ತದೆ. ಸ್ವಾತಂತ್ರ್ಯಕ್ಕಾಗಿ ಸತ್ತವನಿಗೆ ಕೀರ್ತಿ, ವೀರಮರಣ. ವೀರಗಲ್ಲುಗಳ ನಾಡಿನವರಿಗೆ ಇದನ್ನು ವಿವರಿಸುವ ಕಷ್ಟವಿಲ್ಲ: ನಮ್ಮ ಕಲ್ಲುಗಳಲ್ಲೂ ಕೆಳಗೆ ಕಾಳಗ, ಮೇಲೆ ಅಪ್ಸರೆಯರು. ಆದರೆ ನಮ್ಮ ಶಿಲ್ಪಿ ಸತ್ತವನನ್ನು ಕರೆದೊಯ್ಯಲು ಅಪ್ಸರೆಯರನ್ನು ಕಳಿಸಿದ. ರೆನ್ಯೊ ಕಳಿಸಿದ್ದು ಎಲುಬಿನ ಗೂಡನ್ನು. ಸಾಯುವುದು ಸುಂದರವೆಂದು ಹೇಳಲು ಹೊರಟವನ ಕೈ ಎಲ್ಲೋ ನಡುಗಿದೆ ಎಂದು ನನಗನ್ನಿಸುತ್ತದೆ.

ಇದನ್ನು ನಿಯೋಕ್ಲಾಸಿಕಲ್ ಶೈಲಿಯ ಚಿತ್ರ ಎನ್ನುತ್ತೀರಿ. ಗ್ರೀಕರು ಅಸ್ಥಿಪಂಜರ ಕೆತ್ತುತ್ತಿದ್ದರೇ?

ಒಳ್ಳೆಯ ಏಟು. ನಿಯೋಕ್ಲಾಸಿಕಲ್ ಶೈಲಿ ಗ್ರೀಕ್–ರೋಮನ್ ಕಲೆಯನ್ನು ಮಾದರಿಯಾಗಿ ಇಟ್ಟುಕೊಂಡದ್ದು. 1738ರಲ್ಲಿ ಹರ್ಕ್ಯುಲೇನಿಯಮ್, 1748ರಲ್ಲಿ ಪಾಂಪೆಯ ಉತ್ಖನನ ಶುರುವಾದ ಮೇಲೆ ಆ ಹುಚ್ಚು ಯುರೋಪಿಗೆಲ್ಲ ಹಬ್ಬಿತು. ಸ್ಪಷ್ಟ ರೇಖೆ, ಶಿಲ್ಪದಂಥ ಮೈ, ಅಳತೆಯ ಭಾವ ಅದರ ಲಕ್ಷಣ. ಆ ಲೆಕ್ಕದಲ್ಲಿ ಇಲ್ಲಿನ ಸಾವು ಹೊರಗಿನದು. ಜರ್ಮನ್ ಲೇಖಕ ಲೆಸ್ಸಿಂಗ್ 1769ರಲ್ಲಿ ಒಂದು ಪ್ರಬಂಧವನ್ನೇ ಬರೆದು, ಪ್ರಾಚೀನರು ಸಾವನ್ನು ನಿದ್ದೆಯ ಅವಳಿ ಸೋದರನಾಗಿ, ಪಂಜನ್ನು ತಲೆಕೆಳಗಾಗಿ ಹಿಡಿದ ಯುವಕನಾಗಿ ಕಂಡರು, ಅಸ್ಥಿಪಂಜರವಾಗಿ ಅಲ್ಲ ಎಂದು ವಾದಿಸಿದ್ದ. ಕುಡುಗೋಲಿನ ಎಲುಬುಗೂಡು ಬಂದದ್ದು ಮಧ್ಯಯುಗದ ಚರ್ಚುಗಳ ಗೋಡೆಗಳಿಂದ, ಪ್ಲೇಗಿನ ನೆನಪಿನಿಂದ. ಧರ್ಮವನ್ನು ಬದಿಗೊತ್ತಿದ ಗಣರಾಜ್ಯ ಜನರನ್ನು ಬೆಚ್ಚಿಬೀಳಿಸಬೇಕಾದಾಗ ಚರ್ಚಿನ ಹಳೆಯ ಬೊಂಬೆಯನ್ನೇ ಎರವಲು ತಂದಿತು.

ಅಂದ ಹಾಗೆ ಲೆಸ್ಸಿಂಗ್ ಆ ದಿನಗಳಲ್ಲಿ ಇದ್ದದ್ದು ಹ್ಯಾಂಬರ್ಗ್‌ನಲ್ಲಿ. ಅವನ ವಾದವನ್ನು ಕಿವಿಗೆ ಹಾಕಿಕೊಳ್ಳದ ಚಿತ್ರ ಕೊನೆಗೆ ಬಂದು ನೆಲೆಸಿದ್ದು ಅದೇ ಊರಿನಲ್ಲಿ.

## ಕಾಲ, ರಾಜಕೀಯ, ಚಿತ್ರಕಾರ

‘ಇಲ್ಲವೇ ಸಾವು’ ಎಂದರೆ ಯಾರ ಸಾವು? ನನ್ನದೋ, ಎದುರಿಗಿರುವವನದೋ?

ಎಲ್ಲ ಪ್ರಶ್ನೆಗಳಲ್ಲಿ ನನಗೆ ಪ್ರಿಯವಾದದ್ದು ಇದು. ಫ್ರೆಂಚಿನ ‘ಊ’ ಎರಡೇ ಅಕ್ಷರದ ಪದ, ಅದರೊಳಗೆ ಎರಡು ಬೇರೆ ಬೇರೆ ವಾಕ್ಯಗಳು ಅಡಗಿವೆ. ಒಂದು ಪ್ರತಿಜ್ಞೆ: ಸ್ವಾತಂತ್ರ್ಯ ಸಿಗದಿದ್ದರೆ ನಾನು ಸಾಯಲು ಸಿದ್ಧ. ಇನ್ನೊಂದು ಬೆದರಿಕೆ: ನನ್ನ ಸ್ವಾತಂತ್ರ್ಯವನ್ನು ನೀನು ಒಪ್ಪದಿದ್ದರೆ ನಿನಗೆ ಸಾವು.

1793ರಲ್ಲಿ ಪ್ಯಾರಿಸ್ ನಗರಾಡಳಿತ ‘ಗಣರಾಜ್ಯದ ಏಕತೆ, ಅವಿಭಾಜ್ಯತೆ, ಸ್ವಾತಂತ್ರ್ಯ, ಸಮಾನತೆ, ಸೋದರತೆ, ಇಲ್ಲವೇ ಸಾವು’ ಎಂದು ಮನೆಗಳ ಮುಂಗೋಡೆಯ ಮೇಲೆ ಬರೆಸಲು ಜನರಿಗೆ ಕರೆಕೊಟ್ಟಿತು. ಹೊರಗೆ ಯುರೋಪಿನ ರಾಜರ ಸೈನ್ಯಗಳು ಗಡಿಯಲ್ಲಿದ್ದವು, ಸಿಪಾಯಿಯ ಬಾಯಲ್ಲಿ ಅದು ಪ್ರತಿಜ್ಞೆ. ಒಳಗೆ ತಲೆ ಕಡಿಯುವ ಯಂತ್ರ ಗಿಲೊಟಿನ್ ನಡೆಯುತ್ತಿತ್ತು, ನ್ಯಾಯಮಂಡಳಿಯ ಬಾಯಲ್ಲಿ ಅದೇ ಮಾತು ಬೆದರಿಕೆ. ‘ಭೀತಿಯ ಆಡಳಿತ’ ಎಂದು ಕರೆಯುವ ಆ ತಿಂಗಳುಗಳಲ್ಲಿ ವಿಧಿವತ್ತಾಗಿ ಮರಣದಂಡನೆಗೆ ಗುರಿಯಾದವರೇ ಸುಮಾರು 17,000. ಚುರುಕು ಮಾತಿನ ಲೇಖಕ ಶಾಂಫೋರ್ ಈ ಸೋದರತೆಯನ್ನು ‘ನನ್ನ ತಮ್ಮನಾಗು, ಇಲ್ಲವೇ ಕೊಲ್ಲುತ್ತೇನೆ’ ಎಂದು ಅನುವಾದಿಸಿದ. ಮತ್ತೆ ಸೆರೆಗೆ ತಳ್ಳುತ್ತಾರೆಂದು ಗೊತ್ತಾದಾಗ ಅವನು ತನ್ನನ್ನೇ ಕೊಂದುಕೊಳ್ಳಲು ಹೋಗಿ, ಕೆಲವು ತಿಂಗಳು ನರಳಿ, 1794ರ ಏಪ್ರಿಲ್‌ನಲ್ಲಿ ತೀರಿಕೊಂಡ.

ಕನ್ನಡದಲ್ಲಿ ನಮಗೆ ಪರಿಚಿತವಾದ ‘ಮಾಡು ಇಲ್ಲವೇ ಮಡಿ’ಯನ್ನು ಪಕ್ಕಕ್ಕಿಟ್ಟು ನೋಡಿ. 1942ರ ಆಗಸ್ಟ್‌ನಲ್ಲಿ ಗಾಂಧೀಜಿ ಮುಂಬೈಯಲ್ಲಿ ಕೊಟ್ಟ ಆ ಕರೆಯಲ್ಲಿ ಮಡಿಯುವವನು ಯಾರೆಂಬ ಗೊಂದಲವಿಲ್ಲ. ಮಾಡುವವನೇ ಮಡಿಯುವವನು, ಕ್ರಿಯಾಪದವೇ ಅದನ್ನು ಹೇಳಿಬಿಡುತ್ತದೆ. ‘ಸ್ವಾತಂತ್ರ್ಯ ಇಲ್ಲವೇ ಸಾವು’ ಎಂಬುದರಲ್ಲಿ ಇರುವುದು ಎರಡು ನಾಮಪದಗಳು, ಕರ್ತೃವೇ ಕಾಣೆ. ರೆನ್ಯೊನ ಚಿತ್ರದಲ್ಲೂ ಹಾಗೆಯೇ: ಯುವಕ ಎರಡೂ ಕೈ ಚಾಚಿದ್ದಾನೆ, ಕಣ್ಣು ನೋಡುವವರ ಕಡೆಗಿದೆ. ಅವನು ಆರಿಸುತ್ತಿಲ್ಲ, ಆರಿಸಿ ಎನ್ನುತ್ತಿದ್ದಾನೆ. ಕಾಣೆಯಾದ ಕರ್ತೃ ಚಿತ್ರದ ಮುಂದೆ ನಿಂತ ನಾವೇ.

ಜನ ಇದನ್ನು ನೋಡಿ ಜೈಕಾರ ಹಾಕಿರಬೇಕಲ್ಲ?

ಚಿತ್ರ ಬರುವ ಹೊತ್ತಿಗೆ ಗಾಳಿ ತಿರುಗಿತ್ತು. ವಸ್ತು ಹುಟ್ಟಿದ್ದು ಭೀತಿಯ ಆಡಳಿತದ ಬಿಸಿಯಲ್ಲಿ. 1794ರ ಜುಲೈ 28ರಂದು ಆ ಆಡಳಿತದ ಮುಂದಾಳು ರೋಬೆಸ್ಪಿಯರ್‌ನ ತಲೆಯೇ ಉರುಳಿತು. ಗೋಡೆಗಳ ಮೇಲಿದ್ದ ‘ಇಲ್ಲವೇ ಸಾವು’ ಎಂಬ ಬಾಲವನ್ನು ಜನ ಅಳಿಸತೊಡಗಿದರು. 1795ರ ಶರತ್ಕಾಲದಲ್ಲಿ ಸಲೋನ್ ತೆರೆದಾಗ ಎಷ್ಟೋ ಮನೆಗಳಲ್ಲಿ ಸೂತಕದ ನೆನಪು ಇನ್ನೂ ಹಸಿಯಾಗಿತ್ತು. ಮದುವೆ ಮುರಿದುಬಿದ್ದ ಮೇಲೆ ಲಗ್ನಪತ್ರಿಕೆ ಅಚ್ಚಾಗಿ ಬಂದಂತಾಯಿತು.

ರಾಜ, ಗಣರಾಜ್ಯ, ನೆಪೋಲಿಯನ್ ಎಲ್ಲರಿಗೂ ಚಿತ್ರ ಬರೆದವನು ಅವಕಾಶವಾದಿ ಅಲ್ಲವೇ?

ಗಾಳಿ ಬಂದಾಗ ತೂರಿಕೊಂಡವನು ಎನ್ನಬಹುದು. ನೆಪೋಲಿಯನ್ನನ ತಮ್ಮ ಜೆರೋಮನ ಮದುವೆಯ ದೊಡ್ಡ ಚಿತ್ರ ರೆನ್ಯೊನದೇ. ರಾಜವಂಶ ಮರಳಿ ಬಂದ ಮೇಲೆ 1819ರಲ್ಲಿ ಅವನಿಗೆ ಬ್ಯಾರನ್ ಪದವಿ ಸಿಕ್ಕಿತು. ಆದರೆ ಆ ಐವತ್ತು ವರ್ಷಗಳಲ್ಲಿ ಕೆಲಸ ನಿಲ್ಲಿಸದೆ ಬದುಕಿದ ಫ್ರೆಂಚ್ ಕಲಾವಿದರಲ್ಲಿ ಬಣ್ಣ ಬದಲಿಸದವರು ಬಹಳ ಕಡಿಮೆ. ಪ್ರತಿಸ್ಪರ್ಧಿ ಝಾಕ್-ಲೂಯಿ ದಾವೀದ್ ರಾಜನ ಮರಣದಂಡನೆಗೆ ಮತ ಹಾಕಿದ, ರೋಬೆಸ್ಪಿಯರ್ ಬಿದ್ದಾಗ ಜೈಲಿಗೆ ಹೋದ, ಆಮೇಲೆ ನೆಪೋಲಿಯನ್ನನ ಆಸ್ಥಾನ ಸೇರಿದ, ಕೊನೆಗೆ 1825ರಲ್ಲಿ ಬ್ರಸೆಲ್ಸ್‌ನಲ್ಲಿ ದೇಶಭ್ರಷ್ಟನಾಗಿ ಸತ್ತ. ರೆನ್ಯೊ ಮನೆಯಲ್ಲೇ, ಪ್ಯಾರಿಸ್ಸಿನಲ್ಲೇ ಸತ್ತ. ಅವನಿಗಿದ್ದದ್ದು ನಂಬಿಕೆಗಿಂತ ಹೆಚ್ಚಾಗಿ ಕಸುಬು ಎಂಬುದು ನನ್ನ ಅಭಿಪ್ರಾಯ.

ಸ್ವಾತಂತ್ರ್ಯವನ್ನು ಹೆಣ್ಣಾಗಿ ಬರೆದರು, ಹೆಣ್ಣಿಗೆ ಸ್ವಾತಂತ್ರ್ಯ ಕೊಟ್ಟರೇ?

ಇಲ್ಲ. 1793ರ ಅಕ್ಟೋಬರ್ ಕೊನೆಯಲ್ಲಿ ಮಹಿಳೆಯರ ರಾಜಕೀಯ ಸಂಘಗಳನ್ನು ನಿಷೇಧಿಸಿದರು. ಅದಾದ ನಾಲ್ಕೇ ದಿನಕ್ಕೆ, ನವೆಂಬರ್ 3ರಂದು, ಹೆಂಗಸರ ಹಕ್ಕುಗಳ ಘೋಷಣೆಯನ್ನು ಬರೆದಿದ್ದ ಒಲಿಂಪ್ ದ ಗೂಜ್‌ಳ ತಲೆ ಕಡಿದರು. ಫ್ರೆಂಚ್ ಹೆಂಗಸರಿಗೆ ಮತದಾನದ ಹಕ್ಕು ಬಂದದ್ದು 1944ರಲ್ಲಿ. ಚಿತ್ರದಲ್ಲಿ ಅವಳು ಹೆಣ್ಣಾಗಿರುವುದಕ್ಕೆ ಒಂದು ಕಾರಣ ವ್ಯಾಕರಣ: ಫ್ರೆಂಚಿನಲ್ಲಿ ಸ್ವಾತಂತ್ರ್ಯ ಸ್ತ್ರೀಲಿಂಗ. ಸಾವೂ ಸ್ತ್ರೀಲಿಂಗವೇ. ಕನ್ನಡದಲ್ಲಿ ಎರಡೂ ನಪುಂಸಕ, ನಮ್ಮ ಯಮನಿಗೆ ಮಾತ್ರ ಮೀಸೆ ಬಂದಿದೆ. ರೆನ್ಯೊನ ಪಾಲಿಗೆ ಒಂದು ಮಾತು ಸೇರಿಸಬೇಕು: ಹೆಣ್ಣುಮಕ್ಕಳಿಗೂ ಕಲಿಸಿದ ಕಲಾವಿದ ಅವನು. ಆಂರಿಯೆತ್ ಲೊರಿಮಿಯೆ ಅಲ್ಲಿಂದ ಬಂದವಳು.

## ಇನ್ನೂ ಆಳಕ್ಕೆ

ಹೆಣ್ಣೊಂದು ಗಣರಾಜ್ಯವಾದರೆ ಗಂಡೊಂದು ಫ್ರಾನ್ಸ್ ಏಕೆ? ದೇಶ ಇಬ್ಬರೇ?

ಸರಿಯಾಗಿ ಹಿಡಿದಿರಿ. ನಾವು ಭಾರತಮಾತೆ, ಭುವನೇಶ್ವರಿ ಎಂದು ನಾಡನ್ನೇ ತಾಯಿಯಾಗಿ ಕಂಡು ಬೆಳೆದವರು. ಇಲ್ಲಿ ಹಾಗಿಲ್ಲ. ರಾಜನಿದ್ದಾಗ ಫ್ರಾನ್ಸ್‌ನ ರೂಪ ಯಾವುದೆಂಬ ತಂಟೆಯೇ ಇರಲಿಲ್ಲ, ರಾಜನ ಮುಖವೇ ದೇಶದ ಮುಖ. 1793ರ ಜನವರಿ 21ರಂದು ಆ ಮುಖವನ್ನು ಕತ್ತರಿಸಿದ ಮೇಲೆ ದೇಶಕ್ಕೆ ಹೊಸ ಮೈ ಬೇಕಾಯಿತು. ರೆನ್ಯೊ ಆ ಕೆಲಸವನ್ನು ಇಬ್ಬರಿಗೆ ಹಂಚಿದ: ಆಡಳಿತದ ರೂಪ ಅವಳು, ಜನತೆಯ ಚೈತನ್ಯ ಅವನು. ಅವಳು ಕೂತಿದ್ದಾಳೆ, ಅವನು ಹಾರುತ್ತಾನೆ. ಎಷ್ಟು ಹೊಸ ದೇಶವೆಂದರೆ ಬಾವುಟವೇ ಇನ್ನೂ ಒಣಗಿರಲಿಲ್ಲ. ನೀಲಿ, ಬಿಳಿ, ಕೆಂಪು ಪಟ್ಟಿಗಳ ಇಂದಿನ ಕ್ರಮ ನಿಗದಿಯಾದದ್ದು 1794ರ ಫೆಬ್ರವರಿ 15ರಂದು, ನೌಕಾಪಡೆಗಾಗಿ. ಆ ಬಣ್ಣಗಳನ್ನು ಅವನು ಹುಡುಗನ ಮೈಯಿಂದಲೇ ಮೊಳೆಸಿದ, ಕಳಚಿಡಲಾಗದ ಹಾಗೆ.

ಕಾಲ ಕೆಳಗಿನ ಗೋಲವನ್ನು ಮಾತ್ರ ಮರೆಯಬೇಡಿ. ಅದು ಫ್ರಾನ್ಸಿನ ನಕ್ಷೆಯಲ್ಲ, ಇಡೀ ಭೂಮಿ. ಆಯ್ಕೆಯನ್ನು ಒಡ್ಡಿರುವುದು ಎಲ್ಲರಿಗೂ. ಫ್ರೆಂಚ್ ಸೈನ್ಯ ಕೆಲವೇ ವರ್ಷಗಳಲ್ಲಿ ಅದನ್ನು ಅಕ್ಷರಶಃ ಊರೂರಿಗೆ ಒಯ್ದಿತು.

ನಡುವಿನ ಆಕೃತಿ ರಫಾಯೆಲ್‌ನಿಂದ ಕದ್ದದ್ದೆಂದು ಓದಿದೆ. ನಿಜವೇ?

ರೋಮಿನ ವಿಲ್ಲಾ ಫಾರ್ನೆಸೀನಾ ಎಂಬ ಭವನದ ಚಾವಣಿಯಲ್ಲಿ ಇಟಲಿಯ ಚಿತ್ರಕಾರ ರಫಾಯೆಲ್ ಮತ್ತು ಅವನ ಶಿಷ್ಯರು ಬಿಡಿಸಿದ ಹಾರುವ ಮರ್ಕ್ಯುರಿಯ ಭಂಗಿ ಇದು. ಕಳ್ಳತನವಲ್ಲ, ಎಲ್ಲರಿಗೂ ಗೊತ್ತಾಗಲೆಂದೇ ಮಾಡುವ ಎರವಲು. ಗಮಕಿ ಹಳೆಯ ಪದ್ಯವನ್ನು ತನ್ನ ರಾಗದಲ್ಲಿ ಹಾಡಿದಂತೆ. ಮರ್ಕ್ಯುರಿ ದೇವತೆಗಳ ಸುದ್ದಿಗಾರ, ಸತ್ತವರ ಜೀವವನ್ನು ಪಾತಾಳಕ್ಕೆ ಕರೆದೊಯ್ಯುವವನೂ ಅವನೇ. ಆರಿಸಿಕೊಂಡ ಭಂಗಿಗೆ ಈ ಎರಡನೇ ಕೆಲಸ ಚೆನ್ನಾಗಿಯೇ ಹೊಂದುತ್ತದೆ.

ಚಿತ್ರಕಾರ ದೆಲಾಕ್ರುವಾ ಬರೆದ, ಬಾವುಟ ಹಿಡಿದ ಸ್ವಾತಂತ್ರ್ಯದ ಚಿತ್ರಕ್ಕೂ ಇದಕ್ಕೂ ನಂಟಿದೆಯೇ?

ಗುರುಪರಂಪರೆಯ ನಂಟಿದೆ. ರೆನ್ಯೊನ ಶಿಷ್ಯ ಪಿಯೆರ್-ನಾರ್ಸಿಸ್ ಗೆರಾನ್, ಗೆರಾನ್‌ನ ಶಿಷ್ಯ ದೆಲಾಕ್ರುವಾ. ರೆನ್ಯೊ ಸತ್ತ ಮರುವರ್ಷ, 1830ರಲ್ಲಿ, ಮೊಮ್ಮಗ ಶಿಷ್ಯ ಅದೇ ಟೋಪಿಯವಳನ್ನು ಮೋಡದಿಂದ ಕೆಳಗಿಳಿಸಿ ಬೀದಿಯಲ್ಲಿ ಓಡಿಸಿದ. ಟೋಪಿ ತಲೆಗೇರಿತು, ಕೈಗೆ ಬಂದೂಕು ಬಂತು. ಸಾವು ಅಲ್ಲೂ ಇದೆ, ಆದರೆ ಸಂಕೇತವಾಗಿ ಅಲ್ಲ: ಕಾಲ ಬುಡದಲ್ಲಿ ಬಿದ್ದ ಹೆಣಗಳಾಗಿ.

ಈ ಘೋಷಣೆಗೂ ನಮ್ಮ ಶ್ರೀರಂಗಪಟ್ಟಣಕ್ಕೂ ಸಂಬಂಧವಿದೆ ಎನ್ನುತ್ತಾರಲ್ಲ?

ಚಿತ್ರಕ್ಕಿಲ್ಲ, ಅದರೊಳಗಿನ ಬಣ್ಣ ಮತ್ತು ಟೋಪಿಗೆ ಇದೆ. 1797ರಲ್ಲಿ ರಿಪೊ ಎಂಬ ಫ್ರೆಂಚ್ ನಾವಿಕ ಮಂಗಳೂರಿಗೆ ಬಂದಿಳಿದ. ಆ ವರ್ಷ ಶ್ರೀರಂಗಪಟ್ಟಣದಲ್ಲಿದ್ದ ಫ್ರೆಂಚರು ತ್ರಿವರ್ಣ ಹಾರಿಸಿ, ಸ್ವಾತಂತ್ರ್ಯದ ಮರ ನೆಟ್ಟು, ಅದರ ಮೇಲೆ ಟೋಪಿ ಇಟ್ಟು, ರಾಜರೆಲ್ಲರ ಮೇಲೂ ದ್ವೇಷದ ಪ್ರಮಾಣ ಮಾಡಿದರಂತೆ, ಟಿಪ್ಪು ಸುಲ್ತಾನನೊಬ್ಬನನ್ನು ಬಿಟ್ಟು. ಆ ಒಂದು ವಿನಾಯಿತಿ ಓದಿದಾಗೆಲ್ಲ ನಗು ಬರುತ್ತದೆ. ಈ ದಾಖಲೆಗಳನ್ನು 1799ರ ನಂತರ ಅಚ್ಚು ಹಾಕಿ ಹಂಚಿದವರು ಬ್ರಿಟಿಷರು, ಯುದ್ಧವನ್ನು ಸಮರ್ಥಿಸಿಕೊಳ್ಳುವ ಅಗತ್ಯ ಅವರಿಗಿತ್ತು. ಆ ಫ್ರೆಂಚರ ಕೂಟವನ್ನು ಜಾಕೋಬಿನ್ ಸಂಘ, ಅಂದರೆ ಪ್ಯಾರಿಸ್ಸಿನ ಉಗ್ರ ಕ್ರಾಂತಿಕಾರಿಗಳ ಮಾದರಿಯ ಸಂಘ, ಎಂದು ಕರೆಯುವುದು ಎಷ್ಟು ಸರಿ ಎಂಬುದರಲ್ಲಿ ಇತಿಹಾಸಕಾರರು ಒಮ್ಮತದಲ್ಲಿಲ್ಲ.

ಈ ಮಾತನ್ನು ಫ್ರೆಂಚರ ವಿರುದ್ಧವೇ ಯಾರಾದರೂ ತಿರುಗಿಸಿದರೇ?

ತಿರುಗಿಸಿದರು, ಕೆರಿಬಿಯನ್ ದ್ವೀಪವೊಂದರ ಗುಲಾಮರು. ಗಣರಾಜ್ಯ 1794ರ ಫೆಬ್ರವರಿ 4ರಂದು ತನ್ನ ವಸಾಹತುಗಳಲ್ಲಿ ಗುಲಾಮಗಿರಿಯನ್ನು ರದ್ದುಮಾಡಿತ್ತು. 1802ರಲ್ಲಿ ನೆಪೋಲಿಯನ್ ಅದನ್ನು ಮರಳಿ ತರಲು ಹೊರಟ, ಅದಕ್ಕೂ ತುಸು ಮೊದಲೇ, 1801ರ ಕೊನೆಯಲ್ಲಿ, ಇಂದಿನ ಹೈಟಿಯಾದ ಸಾಂ-ದೊಮಿಂಗ್‌ಗೆ ಸೈನ್ಯ ಕಳಿಸಿದ. ಆ ಸೈನ್ಯ ಸೋತಿತು. 1804ರ ಜನವರಿ 1ರ ಹೈಟಿಯ ಸ್ವಾತಂತ್ರ್ಯ ಘೋಷಣೆಯ ತಲೆಬರಹದಲ್ಲಿ ಇರುವುದು ‘ಲಿಬೆರ್ತೆ ಊ ಲಾ ಮೋರ್’, ಫ್ರೆಂಚ್ ಭಾಷೆಯಲ್ಲೇ, ಫ್ರಾನ್ಸಿಗೆ ಎದುರಾಗಿ. ಅಲ್ಲಿ ಆ ಟೋಪಿಯ ಹಳೆಯ ಅರ್ಥವೂ ಮರಳಿತು, ತೊಟ್ಟವರು ನಿಜವಾಗಿಯೂ ಬಿಡುಗಡೆಯಾದ ಗುಲಾಮರು. ಅವರ ನಾಯಕ ದೆಸ್ಸಾಲಿನ್ 1803ರ ಮೇ ತಿಂಗಳಲ್ಲಿ ತ್ರಿವರ್ಣ ಬಾವುಟದ ನಡುವಿನ ಬಿಳಿಯನ್ನು ಹರಿದು ಎಸೆದನೆಂದೂ, ಉಳಿದ ನೀಲಿ ಮತ್ತು ಕೆಂಪು ತುಂಡುಗಳನ್ನು ಒಬ್ಬ ಹೆಂಗಸು ಹೊಲಿದು ಜೋಡಿಸಿದಳೆಂದೂ ಹೈಟಿಯವರು ಕಥೆ ಹೇಳುತ್ತಾರೆ. ಆ ದೇಶದ ಬಾವುಟ ಇಂದಿಗೂ ನೀಲಿ, ಕೆಂಪು.